ಗುಡ್ಡ ತಿಂದ ಕರೆಂಟು

ತೂರಿಲ್‌ಗೆ ದಣಿವು ಈಗೀಗ ಬೆಳಿಗ್ಗೆ ಎದ್ದಾಗಲೇ ಶುರುವಾಗುತ್ತದೆ. ನಾರ್ವೆಯ ಸೆತೆಸ್ದಾಲ್ ಕಣಿವೆಯಲ್ಲಿ ಮನೆಮನೆಗೆ ಹೋಗಿ, ಮುದುಕರಿಗೆ ಕಾಲೂತ ತಡೆಯುವ ಬಿಗಿ ಕಾಲುಚೀಲ ತೊಡಿಸಿ, ಮಾತ್ರೆ ನುಂಗಿಸಿ ಬರುವ ನರ್ಸು ಆಕೆ. ಪುರಸಭೆ ಕೊಟ್ಟದ್ದು ಪುಟ್ಟ ಕರೆಂಟ್ ಕಾರು. ಚಾರ್ಜು ಮುಗಿದು ಹಿಮದಲ್ಲಿ ನಿಂತುಬಿಟ್ಟರೆ ಎಂಬ ಹೆದರಿಕೆಗೆ ಚಳಿಗಾಲವಿಡೀ ರೇಡಿಯೊ ಹಾಕಲಿಲ್ಲ, ಕಾರಿನಿಂದ ಫೋನಿಗೂ ಚಾರ್ಜು ಕೊಡಲಿಲ್ಲ. ಇಷ್ಟೆಲ್ಲ ಜಿಪುಣತನ ಮಾಡಿದರೂ ಸಂಜೆಗೆ ಚಾರ್ಜು ತೋರಿಸುವ ಮುಳ್ಳು ತಳಕ್ಕೇ ಬರುತ್ತಿತ್ತು.

ಕಡೆಯ ಮನೆ ಗುಡ್ಡದ ಮೇಲೆ, ಹಾಲ್ವರನದು. ಜಲವಿದ್ಯುತ್ ಕೇಂದ್ರದಲ್ಲಿ ದುಡಿದು ನಿವೃತ್ತನಾದವನು, ಈಗ ಆಮ್ಲಜನಕದ ಯಂತ್ರವಿಲ್ಲದೆ ಉಸಿರಾಡಲಾರ. ಗುಡ್ಡ ತನ್ನ ಬ್ಯಾಟರಿ ತಿಂದುಹಾಕುತ್ತದೆ, ಇನ್ನು ದಿನ ಬಿಟ್ಟು ದಿನ ಬರುತ್ತೇನೆ ಎಂದು ಹಿಂದಿನ ಸಲ ಬಂದಾಗಷ್ಟೇ ಅವನಿಗೆ ಹೇಳಿದ್ದಳು. ಆತ ಆಗಲಿ ಎಂದು ತಲೆಯಾಡಿಸಿದ್ದ.

ಅಂದು ಅವಳು ಕಾಲುಚೀಲ ಏರಿಸುತ್ತಿದ್ದಾಗಲೇ ಕರೆಂಟು ಹೋಯಿತು, ಯಂತ್ರ ನಿಂತಿತು. ಬದಲಿ ಸಿಲಿಂಡರು ಹೆಚ್ಚು ಹೊತ್ತು ಬರುವಂತಿರಲಿಲ್ಲ. ಆಂಬುಲೆನ್ಸಿನವರು ದಾರಿಯಲ್ಲಿ ಹಿಮವಿದೆ, ತಡವಾಗುತ್ತದೆ ಎಂದರು. ಕಾರಿನ ಹಿಂಬದಿಯಲ್ಲಿ ಅದರ ಬ್ಯಾಟರಿಯಿಂದಲೇ ಕರೆಂಟು ಪಡೆಯಲು ಪ್ಲಗ್ ಹಾಕುವ ಜಾಗವಿತ್ತು, ಚಾರ್ಜು ಮಾತ್ರ ಐದರಲ್ಲೊಂದು ಪಾಲು. ಅದೂ ಖಾಲಿಯಾದರೆ ಇಬ್ಬರೂ ಇಲ್ಲೇ. ಆದರೂ ಜಗಲಿಯಲ್ಲಿ ನೇತಾಡುತ್ತಿದ್ದ, ಹಿಂದೆಲ್ಲ ಪೆಟ್ರೋಲ್ ಕಾರಿನ ಎಂಜಿನ್ ಬೆಚ್ಚಗಿಡಲು ಬಳಸುತ್ತಿದ್ದ ಉದ್ದನೆಯ ವೈರು ಎಳೆದು ಕಾರಿಗೂ ಯಂತ್ರಕ್ಕೂ ಚುಚ್ಚಿದಳು.

ಯಂತ್ರ ಗುರುಗುಟ್ಟಿತು. ಹಾಲ್ವರನ ತುಟಿಗೆ ಬಣ್ಣ ಮರಳಿತು. ಅವಳು ಮಾತ್ರ ಕಿಟಕಿಗೂ ಕಾರಿಗೂ ಓಡಾಡುತ್ತ ಮುಳ್ಳನ್ನೇ ನೋಡುತ್ತಿದ್ದಳು.

"ಕೂತ್ಕೊ ಮಾರಾಯ್ತಿ," ಎಂದ ಹಾಲ್ವರ್. "ಈ ಡಬ್ಬಿ ಎಷ್ಟು ತಿನ್ನತ್ತೆ ಅಂದ್ಕೊಂಡಿದ್ದೀಯ? ನೀನು ಆ ಕಬ್ಬಿಣದ ರಾಶೀನ ಒಂದ್ಸಲ ಮೇಲಕ್ಕೆ ಎಳ್ಕೊಂಡು ಬರೋ ಕರೆಂಟಲ್ಲಿ ನಾನು ರಾತ್ರಿಯೆಲ್ಲ ಉಸಿರಾಡಬಹುದು. ರೇಡಿಯೊ, ಫೋನು ಅದರ ಮುಂದೆ ಚೂರೂ ಅಲ್ಲ."

"ಮೊದಲೇ ಹೇಳೋಕೇನಾಗಿತ್ತು?"

"ನೀನು ಕೇಳಲಿಲ್ಲ. ದಿನ ಬಿಟ್ಟು ದಿನ ಬರ್ತೀನಿ ಅಂದಾಗ ಲೆಕ್ಕ ಹಾಕ್ದೆ. ಒಂದು ರಾತ್ರಿಯ ಉಸಿರಿನಷ್ಟು ಖರ್ಚು ಮಾಡಿಸಿ ದಿನಾ ಬಾ ಅನ್ನೋಕೆ ನಾಚಿಕೆ ಆಯ್ತು."

ತೂರಿಲ್‌ಗೆ ಆಗ ಹೊಳೆಯಿತು: ಗುಡ್ಡವನ್ನು ಬೈಯುತ್ತಾ ತಾನು ಉಳಿಸಹೊರಟಿದ್ದು ಇವನ ಒಂದು ರಾತ್ರಿಯ ಉಸಿರಿನಷ್ಟು ಮಾತ್ರ.

ಕರೆಂಟು ಬಂದಾಗ ಮುಳ್ಳು ಕೂದಲೆಳೆಯಷ್ಟು ಇಳಿದಿತ್ತು. ಅವಳು ವೈರು ಸುತ್ತಿ ಅದರ ಮೊಳೆಗೇ ತೂಗುಹಾಕಿದಳು.

"ನಾಳೆ ಬರ್ತೀನಿ," ಎಂದಳು.

ಇಳಿಜಾರಿಗೆ ಕಾರು ತಿರುಗಿಸಿ, ಆ ಚಳಿಗಾಲದಲ್ಲಿ ಮೊದಲ ಬಾರಿ ರೇಡಿಯೊ ಹಾಕಿದಳು.