ಅವ್ವನ ಹಲ್ಲಿಗೆ ಕ್ಯಾಪು

ಮನೆತನದ ಮೊದಲ ಪದವೀಧರನಾದಂದಿನಿಂದ ನನಗೊಂದು ರೋಗ ಅಂಟಿಕೊಂಡಿದೆ. ಯಾರು ಯಾರನ್ನು ಪ್ರಶ್ನಿಸಿದರೂ ಉತ್ತರಿಸುವುದು ನನ್ನ ಕರ್ತವ್ಯವೆಂದು ತೋರುತ್ತದೆ. ಬ್ಯಾಂಕಿನಲ್ಲಿ ಅವ್ವನ ಹೆಸರು ಕೇಳಿದರೂ ನಾನೇ ಹೇಳುತ್ತೇನೆ.

ಅವ್ವ ಮಹಾರಾಷ್ಟ್ರದ ಗಡಿಯ ಅಕ್ಕಲಕೋಟ ತಾಲೂಕಿನ ಕುರನೂರಿನಲ್ಲಿ ಕುರಿ ಕಾಯ್ದವಳು, ಉಣ್ಣೆ ನೂತವಳು. ಕಂಬಳಿಯ ಅಂಚಿಗೆ ಗಂಟು ಬಿಗಿಯುವಾಗ ದಾರದ ಒಂದು ತುದಿ ಅವಳ ಕೈಯಲ್ಲಿದ್ದರೆ ಇನ್ನೊಂದು ಬಲದವಡೆಯಲ್ಲಿ. ಕಳೆದ ವರ್ಷ ಆ ದವಡೆಯ ಹಲ್ಲೊಂದು ಅರ್ಧಕ್ಕೆ ಮುರಿಯಿತು. ಸೊಲ್ಲಾಪುರದ ದಂತವೈದ್ಯರೊಬ್ಬರ ಬಳಿಗೆ ಕರೆದೊಯ್ದೆ.

ವೈದ್ಯರು ಬಾಯಿ ನೋಡಿದ್ದು ಅವಳದು. ಇವರು ಏನು ತಿನ್ನುತ್ತಾರೆಂದು ಮರಾಠಿಯಲ್ಲಿ ಕೇಳಿದ್ದು ನನ್ನನ್ನು. ಆ ಹೊಳೆಯುವ ಕೋಣೆಯಲ್ಲಿ ಕಡಕ್ ರೊಟ್ಟಿಯ ಹೆಸರೆತ್ತಲು, ಕಂಬಳಿಯ ಗಂಟಿನ ಸುದ್ದಿ ಹೇಳಲು ನನಗೆ ಸಂಕೋಚವಾಯಿತು. ಮೆತ್ತನೆಯ ಅನ್ನ, ತೊವ್ವೆ ಎಂದು ಪಠ್ಯಪುಸ್ತಕದ ಮರಾಠಿಯಲ್ಲಿ ಸುಳ್ಳು ಹೇಳಿದೆ. ಹಾಗಿದ್ದರೆ ಕಿತ್ತುಬಿಡೋಣ ಎಂದರು. ಬೇರು ಗಟ್ಟಿಯಿದೆ, ರೂಟ್ ಕೆನಾಲ್ ಮಾಡಿ ಮೇಲೊಂದು ಕ್ಯಾಪು ಕೂರಿಸಬಹುದು. ಆದರೆ ಈ ವಯಸ್ಸಿನಲ್ಲಿ ಅಷ್ಟೆಲ್ಲ ಏಕೆ?

ಈ ವಯಸ್ಸಿನಲ್ಲಿ! ನನಗೆ ಮೈಯೆಲ್ಲ ಉರಿಯಿತು. ನಮ್ಮ ಕುಲದೇವರು ಬೀರೋಬನ ಕಲ್ಲು ಎಣ್ಣೆಯಲ್ಲಿ, ಭಂಡಾರದ ಅರಿಸಿನದಲ್ಲಿ ಮಿಂದು ಮಿಂದು ಮೂಗು ಸವೆದು ಎಷ್ಟು ತಲೆಮಾರಾಯಿತೋ! ದೇವರಿಗೆ ವಯಸ್ಸಾಯಿತು, ಕಿತ್ತುಬಿಡಿ ಎಂದು ಯಾವ ಪೂಜಾರಿಯಾದರೂ ಹೇಳಿದ್ದುಂಟೇ? ಸವೆದ ಕಲ್ಲಿನ ಮೇಲೆ ಬೆಳ್ಳಿಯ ಮುಖವಿಟ್ಟು ಕೈಮುಗಿಯುತ್ತೇವೆ. ಬೇರು ಗಟ್ಟಿಯಿರುವ ಹಲ್ಲಿಗೆ ಅಷ್ಟೂ ಮರ್ಯಾದೆಯಿಲ್ಲವೇ? ಮುದುಕಿಯಾದವಳು ಇನ್ನು ಜಗಿಯಬೇಕಾದದ್ದು ಏನೂ ಉಳಿದಿಲ್ಲವೆಂದು ನಿರ್ಧರಿಸಲು ಇವರಾರು?

ಇಷ್ಟು ಕೋಪ ಬಂದರೂ, ನನ್ನ ಪ್ರತಿಭಟನೆಯ ವಾಕ್ಯದಲ್ಲಿ ಮರಾಠಿಯ ಲಿಂಗ, ವಚನಗಳು ಸರಿಯಿವೆಯೇ ಎಂದು ಮನಸ್ಸಿನಲ್ಲೇ ತಿದ್ದುತ್ತಿದ್ದೆ. ಅಷ್ಟರಲ್ಲಿ ವೈದ್ಯರು ಸೂಜಿ ಎತ್ತಿಕೊಂಡರು. ನಾನು ತಿದ್ದಿ ಮುಗಿಸುವವರೆಗೆ ಹಲ್ಲು ಕಾಯುವಂತಿರಲಿಲ್ಲ.

ಅವ್ವ ಕುರ್ಚಿಯಲ್ಲೇ ಎದ್ದು ಕುಳಿತಳು. ಮರಾಠಿ ಅವಳಿಗೆ ನನಗಿಂತ ಚೆನ್ನಾಗಿ ತಿಳಿಯುತ್ತದೆ. ಐವತ್ತು ವರ್ಷ ಸಂತೆಯಲ್ಲಿ ಕುರಿ ಮಾರಿದವಳು. ಆದರೂ ಕನ್ನಡದಲ್ಲೇ ಹೇಳಿದಳು:

“ತಡೀರಿ ಡಾಕ್ಟರ್ ಸಾಹೇಬ್ರ. ಇಂವಾ ಸುಳ್ಳ ಹೇಳ್ಯಾನ. ನಾ ಕಡಕ್ ರೊಟ್ಟಿ ತಿಂತೀನಿ, ಶೇಂಗಾ ಕಡೀತೀನಿ, ಕಂಬಳಿ ಗಂಟ ಇದಽ ಹಲ್ಲಿಲೆ ಬಿಗೀತೀನಿ. ಇದನ್ನ ಕಿತ್ತ ಮ್ಯಾಲ ಇವನ ಡಿಗ್ರಿಲೆ ಬಿಗೀಲೇನು?”

ಸೊಲ್ಲಾಪುರದ ವೈದ್ಯರಲ್ಲವೇ, ಕನ್ನಡ ಅವರಿಗೂ ಬರುತ್ತಿತ್ತು. “ಅಜ್ಜಿ, ಮೊದಲಽ ಹೇಳೂದಲ್ಲೇನ್ರಿ?” ಎಂದರು.

“ನನಗ ಕೇಳಿದ್ರೇನು ನೀವು?”

ವೈದ್ಯರು ನನ್ನನ್ನು ನೋಡಿದರು. ನಾನು ಗೋಡೆಯ ಮೇಲಿನ ಹಲ್ಲಿನ ಚಿತ್ರವನ್ನು ನೋಡಿದೆ. ನನ್ನ ಸಿಟ್ಟಿನಲ್ಲಿ ಅರ್ಧ ಪಾಲು ನನಗೇ ಸಲ್ಲಬೇಕೆಂಬುದು ಆಗ ಹೊಳೆಯಿತು. ಅವರು ಕೇಳಲಿಲ್ಲ, ನಿಜ. ಕೇಳುವ ಅಗತ್ಯವೇ ಬೀಳದಂತೆ ನಡುವೆ ಅಡ್ಡ ನಿಂತಿದ್ದವನು ನಾನು.

ಕೀಳುವ ಮಾತು ಅಲ್ಲಿಗೆ ನಿಂತಿತು. ಹಲ್ಲಿನ ಬಣ್ಣದ ಕ್ಯಾಪೇ ಲೋಹದ್ದೇ ಎಂದು ವೈದ್ಯರು ಕೇಳಿದಾಗ, ಗಟ್ಟಿಯಾದದ್ದು ಕೊಡಿರೆಂದು ಅವ್ವ ಲೋಹವನ್ನೇ ಆರಿಸಿದಳು. ನಾಲ್ಕು ಸಲ ಸರಕಾರಿ ಎಸ್ಟಿ ಬಸ್ಸಿನಲ್ಲಿ ಓಡಾಡಿದ ಮೇಲೆ ಕ್ಯಾಪು ಕೂತಿತು. ವೈದ್ಯರು ಹಲ್ಲು ತಾಗುವ ಕಡೆ ಗುರುತು ಮೂಡಿಸುವ ನೀಲಿ ಕಾಗದ ಕಚ್ಚಿಸಿ, ಹೇಗಿದೆಯೆಂದು ಕೇಳುತ್ತ ಅಭ್ಯಾಸಬಲದಿಂದ ನನ್ನತ್ತ ತಿರುಗಿದರು. ಅವ್ವ ಕೈಯೆತ್ತಿ ನನ್ನನ್ನು ತಡೆದಳು. ಕಚ್ಚಿದಳು, ಯೋಚಿಸಿದಳು, ಮತ್ತೆ ಕಚ್ಚಿದಳು.

“ಒಂದ್ ಚೂರು ಎತ್ತರ ಆಗೇತಿ. ಸವರ್ರಿ.”

ವೈದ್ಯರು ಕಾಗದದ ಗುರುತು ನೋಡಿ, ಹೌದೆಂದು ಸವರಿ ತಗ್ಗಿಸಿದರು. ನನ್ನ ನಾಲಿಗೆಯ ತುದಿಯಲ್ಲಿ, ಸಕಲ ವ್ಯಾಕರಣಶುದ್ಧಿಯೊಂದಿಗೆ ಸಿದ್ಧವಾಗಿ ನಿಂತಿದ್ದ ಉತ್ತರ ‘ಸರಿಯಾಗಿದೆ’ ಎಂಬುದಾಗಿತ್ತು.