ಅಪ್ಪನ ಎಡೆಗೊಂದು ಕ್ವಾರ್ಟರ್

ತಿರುವೊಟ್ಟಿಯೂರಿನ ತಮ್ಮಯ್ಯನ ಮನೆತನದಲ್ಲಿ ತಲೆಮಾರಿನಿಂದ ತಲೆಮಾರಿಗೆ ಸರಿಯಾಗಿ ಕೈದಾಟಿ ಬಂದದ್ದು ಕುಡಿತ ಒಂದೇ. ಮದ್ದೂರಿನ ಹೆಂಡದಂಗಡಿಯಲ್ಲಿ ತಾತ ಶುರುಮಾಡಿದ್ದನ್ನು, ರೈಲ್ವೆ ಕೆಲಸಕ್ಕೆಂದು ಮದ್ರಾಸಿಗೆ ಬಂದ ಅಪ್ಪ ರಾಮದಾಸ ನಿಷ್ಠೆಯಿಂದ ಮುಂದುವರಿಸಿದ. ತಮ್ಮಯ್ಯನೂ ವಂಶದ ಹೆಸರು ಕೆಡಿಸಲಿಲ್ಲ. ಮದುವೆಯ ದಿನ ತಾಳಿ ಹಿಡಿದು, ಮದುಮಗಳು ಲಕ್ಷ್ಮಿಯನ್ನು ಬಿಟ್ಟು ಪಕ್ಕದಲ್ಲಿ ನಿಂತಿದ್ದ ಅವಳ ಸೋದರತ್ತೆಯ ಕೊರಳಿಗೆ ಕೈಹಾಕಿದ ಆಸಾಮಿ. ಕುಡಿತ ಬಿಡಲು ಕೀಲ್ಪಾಕಿನ ಆಸ್ಪತ್ರೆಯೊಂದಕ್ಕೆ ಮೂರು ಸಲ ಸೇರಿದ. ಮೂರನೆಯ ಸಲದ ನಂತರ, ಈಗ ಒಂಬತ್ತು ವರ್ಷದಿಂದ, ಬಾಯಿಗೆ ಹನಿ ಸೋಕಿಸಿಲ್ಲ. ಪ್ರತಿ ಭಾನುವಾರ ಕುಡಿತ ಬಿಟ್ಟವರ ಸಭೆಗೆ ಹೋಗಿ ತನ್ನ ಹಳೆಯ ಹಲ್ಕಟ್ ಕೆಲಸಗಳನ್ನು ಹೇಳಿಕೊಂಡು ಬರುತ್ತಾನೆ. ಸರಕು ಇನ್ನೂ ಮುಗಿದಿಲ್ಲ.

ತೊಂದರೆ ಸತ್ತವರದು. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡಬೇಕು. ಬದುಕಿದ್ದಾಗ ಅವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಗೆ ಬಡಿಸಿ, ಬಾಗಿಲು ಹಾಕಿ ಹೊರಗೆ ಕಾಯಬೇಕು. ಆಮೇಲೆ ಹಿರಿಮಗ ಎಲ್ಲದರಲ್ಲೂ ಒಂದೊಂದು ತುತ್ತು ಪ್ರಸಾದ ತೆಗೆದುಕೊಳ್ಳಬೇಕು. ಅಪ್ಪನಿಗೆ ಇಷ್ಟವಾದದ್ದು ಮಟನ್ ಸಾರು, ಬೀಡಿ, ಒಂದು ಕ್ವಾರ್ಟರ್ ಬ್ರಾಂದಿ. ಎರಡನೆಯ ಸಲ ಆಸ್ಪತ್ರೆಯಿಂದ ಬಂದು ತಮ್ಮಯ್ಯ ಮತ್ತೆ ಕುಡಿತಕ್ಕೆ ಬಿದ್ದದ್ದು ಇದೇ ಪ್ರಸಾದದಿಂದ. ಅಂದಿನಿಂದ ಬ್ರಾಂದಿ ತರುವ, ಸುರಿಯುವ, ಕುಡಿದು ಮುಗಿಸುವ ಭಾರವನ್ನೆಲ್ಲ ತಮ್ಮ ವಿಠ್ಠಲ ಭಕ್ತಿಯಿಂದ ಹೊತ್ತಿದ್ದ. ಈ ಸಲ ಅವನಿಗೆ ಶೋಳಿಂಗನಲ್ಲೂರಿನಲ್ಲಿ ಕ್ಯಾಬ್ ಡ್ಯೂಟಿ; ಹಿಂದಿನ ದಿನವೇ ಬಾಟಲಿ ಇಟ್ಟು ಹೋಗಿದ್ದ.

“ನೀನೇ ಲೋಟಕ್ಕೆ ಬುಡು ಮಗಾ,” ಎಂದಳು ತಾಯಿ ಚಿಕ್ಕತಾಯಮ್ಮ. “ಆಮೇಕೆ ಒಂದು ತೊಟ್ಟು ನಾಲ್ಗೆಗೆ ಮುಟ್ಟಿಸ್ಕೊ, ಸಾಕು. ಇಲ್ದಿದ್ರೆ ನಿಮ್ಮಪ್ಪ ಬಾಗ್ಲಲ್ಲೇ ನಿಂತ್ಕತಾನೆ.”

ತಮ್ಮಯ್ಯ ಮುಚ್ಚಳ ತಿರುಗಿಸಿದ. ವಾಸನೆಗೆ ಬಾಯಲ್ಲಿ ನೀರೂರಿತು. ಕೈ ನಡುಗಿ ಅರ್ಧ ಲೋಟಕ್ಕೆ, ಅರ್ಧ ಬೀಡಿಯ ಮೇಲೆ ಬಿತ್ತು. ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚು ಆಸೆಯಾಯಿತು.

“ಅಪ್ಪಾ, ನಾಳೈಕ್ಕಿ ಉನಕ್ಕುಂ ಇದೇದಾನ್ ವೆಕ್ಕಣುಮಾ?” ಎಂದಳು ಹನ್ನೆರಡರ ಮಗಳು ಅಕ್ಕು, ತಮಿಳಿನಲ್ಲಿ. ನಾಳೆ ನೀನು ಸತ್ತರೆ ನಿನ್ನ ಎಲೆಗೂ ಇದನ್ನೇ ಇಡಬೇಕಾ ಅಂತ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು.

ಚಿಕ್ಕತಾಯಮ್ಮ ಮಗನ ಕೈ ನೋಡಿದಳು. ಗಂಡನ ಕೈ ಹೀಗೇ ನಡುಗುವುದನ್ನು ಮೂವತ್ತು ವರ್ಷ ನೋಡಿದವಳು ಅವಳು. ಲೋಟ ಕಿತ್ತುಕೊಂಡು ಬಚ್ಚಲಿಗೆ ಸುರಿದಳು, ಬಾಟಲಿಯನ್ನೂ ಬಗ್ಗಿಸಿದಳು. ಲೋಟ ತೊಳೆದು ಮಜ್ಜಿಗೆ ತುಂಬಿಸಿ ಎಲೆಯ ಪಕ್ಕ ಇಟ್ಟಳು.

“ಅಪ್ಪ ಬರ್ದಿದ್ರೆ?” ಎಂದ ತಮ್ಮಯ್ಯ.

“ಬರ್ದಿದ್ರೆ ಕತ್ತೆ ಬಾಲ! ನಾನು ಮಾಡಿದ ಸಾರು ಉಪ್ಪೋ ಸಪ್ಪೆಯೋ ಅಂತ ಒಂದಿನಾನೂ ಹೇಳ್ನಿಲ್ಲ ಅವ್ನು. ನೆಪ್ಪಿದ್ರೆ ತಾನೆ? ಇವತ್ತಾದ್ರೂ ಗ್ಯಾನವಾಗಿ ಕುಂತು ಉಣ್ಲಿ.”

ಬಾಗಿಲು ಹಾಕಿ, ಲಕ್ಷ್ಮಿಯೂ ಸೇರಿ ನಾಲ್ವರೂ ಮೆಟ್ಟಿಲ ಮೇಲೆ ಕಾದರು. ಒಳಗೆ ಬಂದಮೇಲೆ ತಮ್ಮಯ್ಯ ಒಂದೊಂದು ತುತ್ತು ತೆಗೆದುಕೊಂಡ. ಮಜ್ಜಿಗೆಯನ್ನು ಮಾತ್ರ ಒಂದೇ ಉಸಿರಿಗೆ ಇಳಿಸಿದ, ಹಳೆಯ ಅಭ್ಯಾಸ.

“ಅವ್ವಾ, ಅಪ್ಪ ಬಂದೋಗವ್ನೆ ಕಣವ್ವ. ಸಾರಿಗೆ ಉಪ್ಪು ಜಾಸ್ತಿಯಂತೆ,” ಎಂದ.

ಚಿಕ್ಕತಾಯಮ್ಮ ಅಳುತ್ತಲೇ ಸೌಟು ಎತ್ತಿಕೊಂಡು ಮಗನ ಬೆನ್ನಿಗೆ ಒಂದು ಬಿಟ್ಟಳು.