ಜಂಪಣ್ಣನ ಹೊನ್ನಾರು

ಐಮಂಗಲದ ಆಸುಪಾಸಿನಲ್ಲಿ ಜಂಪಣ್ಣನಷ್ಟು ನೇರ ಸಾಲು ಹೊಡೆಯುವವನು ಇನ್ನೊಬ್ಬನಿರಲಿಲ್ಲ. ಅದು ಊರಿಗೆಲ್ಲ ಗೊತ್ತಿತ್ತು; ಗೊತ್ತಿಲ್ಲದವರಿಗೆ ಅವನೇ ಹೇಳುತ್ತಿದ್ದ. ಅಂಥವನ ನೇಗಿಲು ಮೂರು ವರ್ಷದಿಂದ ಅಟ್ಟ ಸೇರಿತ್ತೆಂದರೆ ಅದಕ್ಕೆ ಕಾರಣ ಹೆಂಡತಿ ಶಾಂತಕ್ಕ.

ಸಂಘದ ಹೆಂಗಸರ ಜೊತೆ ಹೊಳಲ್ಕೆರೆ ಕಡೆಯ ಸಾವಯವ ಹೊಲವೊಂದನ್ನು ನೋಡಿ ಬಂದವಳೇ ಪಟ್ಟು ಹಿಡಿದಳು. ರಾಗಿ ಕೊಯ್ಯುವ ಮೊದಲೇ ಸಾಲಿನ ನಡುವೆ ಹುರುಳಿ ಚೆಲ್ಲುವುದು, ಅದು ಹೂವಾದಾಗ ಎತ್ತಿಗೆ ಮರದ ಕೊರಡು ಕಟ್ಟಿ ಎಳೆಸಿ ನೆಲಕ್ಕೆ ಮಲಗಿಸುವುದು, ಆ ಹಾಸಿನ ನಡುವೆಯೇ ಗುಳಿ ತೋಡಿ ಮುಂದಿನ ಬೀಜ ಹಾಕುವುದು. ಉಳುವ ಮಾತೇ ಇಲ್ಲ! ಮೊದಲ ವರ್ಷ ಕಳೆ ಎದ್ದು ರಾಗಿ ಸೊರಗಿತು. "ಏನಪ್ಪ, ಹೊಲಕ್ಕೆ ಚಾಪೆ ಹಾಸಿ ಮಲಗ್ಸಿದೀಯಾ?" ಎಂದು ಊರು ನಕ್ಕಿತು.

ನಗುವನ್ನು ಜಂಪಣ್ಣ ಹೇಗೋ ನುಂಗಿಕೊಂಡ. ಆದರೆ ಮಧ್ಯಾಹ್ನ ಬೇವಿನ ನೆರಳಲ್ಲಿ ಕಣ್ಣು ಮುಚ್ಚಿದರೆ ಸಾಕು, ಎತ್ತುಗಳ ಹಿಂದೆ ನಡೆಯುತ್ತಿದ್ದ. ಸಾಲು ಗುಡ್ಡ ದಾಟಿ, ಮೋಡ ದಾಟಿ ಹೋಗುತ್ತಿತ್ತು. ಎಚ್ಚರವಾದರೆ ಕೈ ಖಾಲಿ. ಉಳದ ಜಂಪಣ್ಣ ಇದ್ದರೇನು, ಇಲ್ಲದಿದ್ದರೇನು ಎಂಬ ಯೋಚನೆ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಈ ಯುಗಾದಿಗೆ ಪಂಚಾಂಗ ನೋಡಿದಾಗ ಹೊನ್ನಾರು ಅವನ ಹೆಸರಿಗೇ ಬಂತು. ಊರ ಪರವಾಗಿ ವರ್ಷದ ಮೊದಲ ಉಳುಮೆ, ಅದೂ ಹೆಸರು ಬಂದವನ ಹೊಲದಲ್ಲೇ. ಜಂಪಣ್ಣ ಕುಣಿದೇಬಿಟ್ಟ. ಆಮೇಲೆ ಹೆಂಡತಿಯ ಮುಖ ನೋಡಿದ.

"ನೀನು ಬ್ಯಾಡ ಅಂದ್ರೆ..."

"ಊರ ಶಾಸ್ತ್ರ, ನಾನ್ಯಾಕೆ ಬ್ಯಾಡ ಅನ್ಲಿ? ಉಳ್ರಿ," ಎಂದಳು ಶಾಂತಕ್ಕ. ದನಿ ಸಣ್ಣಗಾಗಿತ್ತು.

ಹಬ್ಬದ ಬೆಳಿಗ್ಗೆ ಊರೆಲ್ಲ ಬದುವಿನ ಮೇಲೆ ನಿಂತಿತ್ತು. ಜಂಪಣ್ಣ ಹಳೇ ರೂಢಿಯಂತೆ ಮೈಭಾರವನ್ನೆಲ್ಲ ನೇಗಿಲ ಹಿಡಿ, ಮೇಳಿಯ ಮೇಲೆ ಬಿಟ್ಟ. ಅಯ್ಯೋ ಶಿವನೇ, ಬೇಕೇ ಇರಲಿಲ್ಲ! ನೇಗಿಲ ಗುಳ ತಾನಾಗಿ ಮಣ್ಣಿಗಿಳಿಯಿತು. ಪಕ್ಕದ ಹೊಲ ಹಂಚಿನಂತೆ ಗಟ್ಟಿಯಾಗಿತ್ತು. ಇಲ್ಲಿ ಹಾಸಿನಡಿ ಹೋದ ವಾರದ ಮಳೆಯ ತಂಪು ಹಾಗೇ ಉಳಿದಿತ್ತು. ಎತ್ತುಗಳು ಬರಿಗೊರಳಲ್ಲಿ ಹೊರಟಂತೆ ನಡೆದವು. ಎಚ್ಚರವೋ ಕನಸೋ ತಿಳಿಯದೆ ಅವನೂ ತೇಲಿದಂತೆ ನಡೆದ.

ಸಾಲು ನೇರ ಬಂತೇ ಎಂದು ತಿರುಗಿ ನೋಡಿದ. ಕಪ್ಪಗೆ ಪುಡಿಪುಡಿಯಾದ ಮಣ್ಣು, ಹರಿದ ಬಿಳಿ ಬೇರಿನ ಎಳೆಗಳು, ಬಾಯಿ ತೆರೆದ ಸಣ್ಣ ಬಿಲಗಳು, ಬಿಸಿಲಿಗೆ ಬಿದ್ದು ಒದ್ದಾಡುವ ಎರೆಹುಳುಗಳು. "ಹೋ, ಹೋ," ಎಂದು ಎತ್ತು ನಿಲ್ಲಿಸಿದ.

"ಯಾಕ್ಲೇ, ಅರ್ಧಕ್ಕೇ ನಿಲ್ಲಿಸ್ದೆ?" ಬದುವಿನಿಂದ ಹಿರಿಯ ಓಬಯ್ಯ ಕೂಗಿದ.

"ಹೊನ್ನಾರು ಮುಗೀತು ಕಣಣ್ಣ."

ಜನ ಗೊಣಗುತ್ತ ಚದುರಿದರು. ಜಂಪಣ್ಣ ಕುಕ್ಕರುಗಾಲಲ್ಲಿ ಕೂತು ಹುಳುಗಳ ಮೇಲೆ ಮಣ್ಣೆಳೆದು, ಒಣ ಹುರುಳಿ ಬಳ್ಳಿ ಮುಚ್ಚತೊಡಗಿದ. ಶಾಂತಕ್ಕನೂ ಪಕ್ಕದಲ್ಲಿ ಬಂದು ಕೂತಳು. ಅವನ ಕಣ್ಣು ತುಂಬಿತ್ತು.

"ಈ ಮಣ್ಣು ಎಷ್ಟು ಚೆಂದಾಗೈತೆ ನೋಡು. ಇದಕ್ಕೆ ಇನ್ನು ನಾನು ಬ್ಯಾಡ."

"ಮಣ್ಣಿಗೆ ಬ್ಯಾಡಾದ್ರೆ ಬಿಡ್ರಿ, ನಂಗೆ ಬೇಕು," ಎಂದಳು ಶಾಂತಕ್ಕ. "ಏಳ್ರಿ, ಹೋಳಿಗೆ ಆರಿ ಹೋಗ್ತಾವೆ."